ಆಲ್ಬುಮಿನ್ ಬಸ್ಸಲ್ಲಿ ಸೀಟು ಗಲಾಟೆ (ಭಾಗ 4)

ಹೋದ ಸಲ ಆಸ್ಪಿರಿನ್ ಹುಟ್ಟಿದ ಕತೆ ಬರೆದಿದ್ದೆ ಅಲ್ವಾ? 1897, ಬಾಯರ್ ಕಂಪನಿ, ಫೆಲಿಕ್ಸ್ ಹಾಫ್‌ಮನ್. ಆಮೇಲೆ 70 ವರ್ಷ ಕಳೆದರೂ ಅದು ಕೀಲುನೋವು, ಬಾವು ಹೇಗೆ ಇಳಿಸುತ್ತೆ ಅನ್ನೋದು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ಮಾತ್ರ ಧಾರಾಳವಾಗಿ ಖರ್ಚಾಗ್ತಿತ್ತು!

ನಮ್ಮ ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಇದೆ. ಒಂಥರಾ ಬಸ್ಸು ಅಂದ್ಕೊಳ್ಳಿ. ಉಳಿದ ಅಮೈನೋ ಆಮ್ಲಗಳು ಹೆಚ್ಚುಕಮ್ಮಿ ನಡ್ಕೊಂಡೇ ಹೋಗುತ್ತವೆ. ಟ್ರಿಪ್ಟೊಫಾನ್‌ಗೆ ಮಾತ್ರ ಸೀಟು ಬೇಕು. ಇದನ್ನು 1958ರಲ್ಲಿ ಮ್ಯಾಕ್‌ಮೆನಮಿ ಮತ್ತು ಆಂಕ್ಲಿ ತೋರಿಸಿದ್ದರು.

1971ರಲ್ಲಿ ಲಂಡನ್ನಿನ ಮ್ಯಾಕ್‌ಆರ್ಥರ್, ಡಾಕಿನ್ಸ್, ಸ್ಮಿತ್ ಮತ್ತೊಂದು ವಿಷಯ ಕಂಡರು. ಸಂಧಿವಾತದ ಔಷಧಿಗಳು ಬಸ್ಸು ಹತ್ತಿ ಟ್ರಿಪ್ಟೊಫಾನನ್ನು ಎಬ್ಬಿಸಿಬಿಡುತ್ತವೆ! ಪರೀಕ್ಷಾನಳಿಕೆಯಲ್ಲಷ್ಟೇ ಅಲ್ಲ, ಮನುಷ್ಯರ ರಕ್ತದಲ್ಲೂ. ಹಾಗೇ ಸೀಟು ಬಿಟ್ಟೇಳುವ ಪುಟ್ಟ ಪೆಪ್ಟೈಡ್‌ಗಳು ಅಂಗಾಂಶವನ್ನು ಕಾಪಾಡುತ್ತವೆ, ಔಷಧಿಯ ಗುಟ್ಟು ಇದೇ ಅಂತ ಅವರ ಊಹೆ. ನಂಗಂತೂ ಚೆಂದದ ಊಹೆ ಅನ್ಸುತ್ತೆ.

ಆದರೆ ಅದೇ ವರ್ಷ, ಅದೇ ಲಂಡನ್ನಿನಲ್ಲಿ, ಜಾನ್ ವೇನ್ ಬೇರೆ ಉತ್ತರ ಕೊಟ್ಟರು: ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆ. 1982ರಲ್ಲಿ ನೊಬೆಲ್ ಪಾಲು ಅವರಿಗೆ ಬಂತು. ಪಠ್ಯಪುಸ್ತಕಕ್ಕೆ ಸೇರಿದ್ದೂ ಅದೇ. ಪೆಪ್ಟೈಡ್ ಊಹೆ ಮೂಲೆ ಸೇರಿತು.

ಸೀಟು ಗಲಾಟೆ ಮಾತ್ರ ಸುಳ್ಳಾಗಲಿಲ್ಲ. 1973ರಲ್ಲಿ ಟಾಲಿಯಾಮೊಂಟೆ, ಗೆಸ್ಸಾ ಮತ್ತು ಸಂಗಡಿಗರು ಇಲಿಗಳಿಗೆ ಸ್ಯಾಲಿಸಿಲೇಟ್ ಕೊಟ್ಟು ನೋಡಿದರು. ಮಿದುಳಿನಲ್ಲಿ ಟ್ರಿಪ್ಟೊಫಾನ್ ಏರಿತ್ತು, ಅದರಿಂದ ತಯಾರಾಗುವ ಸೆರೊಟೊನಿನ್ ಉತ್ಪಾದನೆಯೂ ಚುರುಕಾಗಿತ್ತು. ಕೀಲಿನ ಪ್ರಶ್ನೆ ಹಿಡಿದು ಹೊರಟ ಬಸ್ಸು ಮಿದುಳಿನ ಸ್ಟಾಪಲ್ಲಿ ನಿಂತಿತ್ತು. ಸೆರೊಟೊನಿನ್ ಕತೆ ಭಾಗ 5ರಲ್ಲಿ.