ಹಳಿಯಿಂದ ಟಾಯರಿನವರೆಗೆ

ನವಲಗುಂದದ ಎರೆಯ ಹೊಲದಲ್ಲಿ ಮಳೆಗಾಲದ ಒಂದು ಮುಂಜಾನೆ ಹತ್ತು ಹೆಜ್ಜೆ ನಡೆದು ನೋಡಿರಿ. ಹತ್ತನೆಯ ಹೆಜ್ಜೆಗೆ ಒಂದೊಂದು ಕಾಲಿಗೂ ಸೇರು ಸೇರು ಮಣ್ಣು ಮೆತ್ತಿರುತ್ತದೆ. ಹನ್ನೊಂದನೆಯ ಹೆಜ್ಜೆಗೆ ನೀವು ಜಾರಿ ಬಿದ್ದಿರುತ್ತೀರಿ. ಅಂಟುವ ಮಣ್ಣೇ ಜಾರಿಸುವುದು ಹೇಗೆಂಬುದು ಎರೆನಾಡಿನ ಹೊರಗಿನವರಿಗೆ ಒಗಟು. ಉತ್ತರ ಸುಲಭವಾಗಿದೆ. ಕಾಲಿಗೆ ಮಣ್ಣು ಹತ್ತಿದ ಮೇಲೆ ನೆಲವನ್ನು ಮುಟ್ಟುವುದು ಕಾಲಲ್ಲ, ಮಣ್ಣು. ಹಸಿ ಮಣ್ಣಿನ ಮೇಲೆ ಹಸಿ ಮಣ್ಣು ನಿಲ್ಲಲಾರದು. ಗಾಲಿಯ ಗತಿಯೂ ಇದೇ.

ಈ ಮಾತು ತೆಗೆಯುವುದಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕುಂದಗೋಳದ ಕಡೆಯವನು, ಹುಬ್ಬಳ್ಳಿಯಲ್ಲಿ ಉದ್ಯೋಗ, ಸಣ್ಣದೊಂದು ಕಾರು ಇಟ್ಟಿದ್ದಾನೆ. ಕೊಯಿಮತ್ತೂರಿನ ಹತ್ತಿರ ಚೆಟ್ಟಿಪಾಳೆಯದಲ್ಲಿ ಕರಿ ಮೋಟರ್ ಸ್ಪೀಡ್‌ವೇ ಎಂಬ ಓಟದ ದಾರಿಯಿದೆ. (ಕರಿ ಎಂದೊಡನೆ ನಮ್ಮವರಿಗೆ ಕಾರಹುಣ್ಣಿವೆಯ ಕರಿ ನೆನಪಾದೀತು, ಇದು ಎಸ್. ಕರಿವರ್ಧನ್ ಎಂಬವರ ಹೆಸರು. ಮಾರುತಿ ಕಾರಿನ ಎಂಜಿನನ್ನೇ ಬಳಸಿ ಓಟದ ಬಂಡಿಗಳನ್ನು ಕಟ್ಟಿದ ಸಾಹಸಿ ಅವರು.) ಓಟವನ್ನು ವೃತ್ತಿಯಾಗಿ ಹಿಡಿಯದವರೂ ಹಣ ಕಟ್ಟಿ ತಮ್ಮ ಸ್ವಂತ ಕಾರನ್ನು ಅಂಥ ದಾರಿಯಲ್ಲಿ ಮನಸಾರೆ ಓಡಿಸುವ ದಿನಗಳನ್ನು ಏರ್ಪಡಿಸುವುದುಂಟು. ಬಹುಮಾನವಿಲ್ಲ, ಎದುರಾಳಿಯಿಲ್ಲ. ಹುಡುಗ ಅದಕ್ಕೆ ಹೊರಟಿದ್ದ. ಹೋಗುವ ಮುಂಚೆ ಕನ್ನಡ ಮಾಸ್ತರನ ಬಳಿ ಬಂದು ಕೇಳಿದ ಪ್ರಶ್ನೆ ಇದು: "ಸರ್ರೀ, ಟಾಯರ ನುಣ್ಣಗ ಇದ್ದಷ್ಟೂ ಹಿಡಿತ ಜಾಸ್ತಿ ಅಂತಾರ. ಖರೇ ಏನ್ರೀ? ಅಂಥಾವ ನಾಲ್ಕು ಹಾಕ್ಕೊಂಡ ಹೋಗಿ ಅದರ ಮ್ಯಾಲೇ ತಿರುಗಿ ಬರತೇನ್ರಿ."

ನುಣ್ಣನೆಯ ಟಾಯರಿನ ಮಾತು ಕೇಳಿದೊಡನೆ ನನಗೆ ಮೈ ಜುಮ್ಮೆಂದಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಗಾಲಿಯ ಹಳೆಯ ಕಥೆಯನ್ನು ತುಸು ನೋಡೋಣ.

ಗಾಲಿಯ ಹೊರಸುತ್ತಿಗೆ ಸಂಸ್ಕೃತದಲ್ಲಿ ನೇಮಿ ಎಂದು ಹೆಸರು. ಜೈನರ ಇಪ್ಪತ್ತೆರಡನೆಯ ತೀರ್ಥಂಕರ ಅರಿಷ್ಟನೇಮಿ. ಪದವನ್ನು ಬಿಡಿಸಿದರೆ ಗಾಲಿಯ ಸುತ್ತು ಕೆಡದವನು ಎಂಬ ಅರ್ಥ ಹೊರಡುತ್ತದೆ. ಬಂಡಿಯನ್ನೇ ನಂಬಿ ಬಾಳಿದ ಜನಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯುವುದು ಕಷ್ಟ. ಅಣ್ಣಿಗೇರಿಯ ನಂಟುಳ್ಳ ಪಂಪ 941ರಲ್ಲಿ ಬರೆದ ಭಾರತದಲ್ಲಿ ಕರ್ಣನ ರಥದ ಗಾಲಿಯನ್ನು ನೆಲ ನುಂಗುತ್ತದೆ. ತರಗತಿಯಲ್ಲಿ ಈ ಭಾಗವನ್ನು ಪಾಠ ಮಾಡುವಾಗ ಶಾಪದ ಸಂಗತಿಯನ್ನು ನಾನು ಬಹಳ ವಿವರಿಸಬೇಕಾಗುವುದಿಲ್ಲ. ಬೆಣ್ಣೆಹಳ್ಳದ ದಂಡೆಯ ಮಕ್ಕಳಿಗೆ ಗಾಲಿ ಹೂಳುವುದು ಮನೆಯ ಸುದ್ದಿ. "ಹಳಿ ಸಣ್ಣದಿತ್ತೇನ್ರಿ ಸರ್?" ಎಂದು ಒಬ್ಬ ಕೇಳಿದ್ದೂ ಉಂಟು. ಅವನ ಮಾತು ತಪ್ಪಲ್ಲ. ಭಾರ ಅದೇ ಇದ್ದು ನೆಲವನ್ನು ಮುಟ್ಟುವ ಜಾಗ ಕಿರಿದಾದರೆ ಗಾಲಿ ಕೊರೆದುಕೊಂಡು ಇಳಿಯುತ್ತದೆ.

ಹಳಿ ಹಾಕುವುದನ್ನು ಇಂದಿನ ಓದುಗರು ನೋಡಿರಲಿಕ್ಕಿಲ್ಲ. ಬಡಿಗನು ಕಟ್ಟಿಗೆಯ ತುಂಡುಗಳನ್ನು ಕೂಡಿಸಿ ಗಾಲಿ ಮಾಡಿಕೊಟ್ಟ ಮೇಲೆ ಕಂಬಾರನ ಕೆಲಸ. ಕಬ್ಬಿಣದ ಪಟ್ಟಿಯನ್ನು ಬಳೆಯಾಗಿ ಬೆಸೆಯುತ್ತಾನೆ. ಆದರೆ ಗಾಲಿಯ ಸುತ್ತಳತೆಗಿಂತ ಬೇಕೆಂದೇ ತುಸು ಕಡಿಮೆ ಮಾಡುತ್ತಾನೆ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಬ್ಬಿಣ ಕೆಂಪಗೆ ಕಾದಾಗ ಹದಿನಾಲ್ಕು ಅಡಿ ಸುತ್ತಿನ ಬಳೆ ಸುಮಾರು ಒಂದು ಅಂಗುಲ ಹಿಗ್ಗುತ್ತದೆ. ಇಕ್ಕಳದಿಂದ ಎತ್ತಿ, ಗಾಲಿಗೆ ಕೂಡಿಸಿ, ಬಡಿದು, ಕಟ್ಟಿಗೆ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಹೊಯ್ಯುತ್ತಾರೆ. ಚುರ್ರೆಂದು ಹಬೆಯೆದ್ದು, ಕಬ್ಬಿಣ ಕುಗ್ಗಿ, ಬಡಿಗನ ಸಂದುಗಳೆಲ್ಲ ಕರಕರನೆ ಬಿಗಿದುಕೊಳ್ಳುತ್ತವೆ. ಒಂದು ಮೊಳೆಯೂ ಇಲ್ಲದೆ ಆ ಹಳಿ ವರ್ಷಗಟ್ಟಲೆ ನಿಲ್ಲುತ್ತದೆ. ಧಾರವಾಡ ಸೀಮೆಯ ಹತ್ತಿ ಕಲಘಟಗಿಯ ಮೇಲಿನಿಂದ ಘಟ್ಟವಿಳಿದು ಕರಾವಳಿಯ ಬಂದರಕ್ಕೆ ಹೋದದ್ದು ಇಂಥ ಹಳಿಗಳ ಮೇಲೆ. 1861ರಿಂದ 1865ರ ವರೆಗಿನ ಅಮೇರಿಕೆಯ ಒಳಯುದ್ಧದಲ್ಲಿ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಾಗ ಆ ದಾರಿ ಚಕ್ಕಡಿಗಳಿಂದ ತುಂಬಿತ್ತು.

ಕಬ್ಬಿಣಕ್ಕೆ ಬಾಳಿಕೆಯಿದೆ, ಹಿಡಿತವಿಲ್ಲ. ಎತ್ತು ಎಳೆಯುವ ಬಂಡಿಗೆ ಗಾಲಿಯ ಹಿಡಿತ ಬೇಕಾಗಿಯೂ ಇರಲಿಲ್ಲ. ಹಿಡಿತವೆಲ್ಲ ಎತ್ತಿನ ಗೊರಸಿನದು. ಎಂಜಿನು ಬಂದು ಗಾಲಿಯೇ ಎಳೆಯಬೇಕಾದಾಗ ಮಾತು ಬೇರೆಯಾಯಿತು.

ರಬ್ಬರನ್ನು ಗಂಧಕದೊಡನೆ ಕಾಸಿದರೆ ಬಿಸಿಲಿಗೆ ಕರಗದೆ ಚಳಿಗೆ ಸೆಡೆಯದೆ ನಿಲ್ಲುವುದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. 1845ರಲ್ಲಿ ರಾಬರ್ಟ್ ಥಾಮ್ಸನ್ ಎಂಬವನು ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದನು; ಯಾರೂ ಕೇಳಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಬಂಡಿಗಾಗಿ ಅದನ್ನೇ ಮತ್ತೆ ಕಂಡುಹಿಡಿದನು. ಈ ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. 1895ರಲ್ಲಿ ಮಿಶೆಲಿನ್ ಸಹೋದರರು ಪ್ಯಾರಿಸಿನಿಂದ ಬೋರ್ದೋವರೆಗೆ ಹೋಗಿ ಬರುವ ಮೋಟಾರು ಪಂದ್ಯದಲ್ಲಿ ಗಾಳಿಯ ಟಾಯರಿನ ಕಾರನ್ನು ಓಡಿಸಿ, ದಾರಿಯುದ್ದಕ್ಕೂ ಪಂಕ್ಚರಾಗುತ್ತ, ಗೆಲ್ಲದೆಯೇ ಜಗತ್ತಿನ ಕಣ್ಣು ತೆರೆಯಿಸಿದರು. ಮೊದಮೊದಲ ಟಾಯರುಗಳು ಬಿಳಿಚಾಗಿದ್ದವು. ಕಾಡಿಗೆಯಂಥ ಇಂಗಾಲದ ಪುಡಿ ಬೆರೆಸಿದಾಗ ಬಣ್ಣ ಕಪ್ಪಾಯಿತು, ಬಾಳಿಕೆ ಹೆಚ್ಚಿತು. ನಮ್ಮ ದೇಶದಲ್ಲಿ ಡನ್‌ಲಪ್ ಕಾರಖಾನೆ ಬಂಗಾಲದ ಸಾಹಾಗಂಜಿನಲ್ಲಿ 1936ರಲ್ಲಿ ನಿಂತಿತು. ಚಕ್ಕಡಿಗೂ ಟಾಯರು ಬಂತು.

ಇನ್ನು ನನ್ನ ಮನೆಯ ಕಥೆ. 1982ರ ಸುಮಾರಿಗೆ ನಮ್ಮ ತಂದೆಯವರು ಹಳಿಯ ಗಾಲಿ ತೆಗೆಸಿ ಟಾಯರಿನ ಚಕ್ಕಡಿ ಮಾಡಿಸಿದರು. ಹೊಸ ಟಾಯರಿಗೆ ಹಣವೆಲ್ಲಿ? ಲಾರಿಯವರು ಸವೆಸಿ ಬಿಟ್ಟ ಹಳೆಯವನ್ನು ಕೊಂಡರು. ಅಂಗೈಯಂತೆ ನುಣ್ಣಗಿದ್ದವು. ಬೇಸಗೆಯೆಲ್ಲ ಚಕ್ಕಡಿ ಹೂವಿನಂತೆ ಹಗುರಾಗಿ ಉರುಳಿತು, ಊರವರು ಹೊಗಳಿದರು. ಆಷಾಢದಲ್ಲಿ ಜೋಳದ ಚೀಲ ಹೇರಿಕೊಂಡು ಬೆಣ್ಣೆಹಳ್ಳದ ಇಳುಕಲಿಗೆ ಬಂದಾಗ ಹಸಿ ಎರೆಯ ಮೇಲೆ ಚಕ್ಕಡಿ ಅಡ್ಡಲಾಗಿ ಜಾರಿತು. ಹಳಿಯಾಗಿದ್ದರೆ ಮಣ್ಣನ್ನು ಕೊರೆದು ತನ್ನ ಜಾಡಿನಲ್ಲಾದರೂ ನಿಲ್ಲುತ್ತಿತ್ತು. ಬಲಗಡೆಯ ಎತ್ತಿನ ಮುಂಗಾಲು ಮುರಿಯಿತು. ಚೀಲದ ಮೇಲೆ ಕೂತಿದ್ದ ನಾನು ಹೊಲಕ್ಕೆ ಬಿದ್ದು ಉಳಿದುಕೊಂಡೆ. ಎತ್ತು ಉಳಿಯಲಿಲ್ಲ. ತಂದೆಯವರು ಆ ವರ್ಷ ಬಿತ್ತಿಗೆಗೆ ಪರರ ಎತ್ತು ಕೇಳಿ ತಿರುಗಿದ್ದನ್ನು ನಾನು ಮರೆತಿಲ್ಲ.

ಹಾಗಾದರೆ ಹುಡುಗನ ಮಾತು ಸುಳ್ಳೆ? ಅಲ್ಲ, ವಾಚಕರೇ. ಅಲ್ಲಿಯೇ ಇದರ ಸ್ವಾರಸ್ಯ. ಒಣಗಿದ ಡಾಂಬರಿನ ಮೇಲೆ ನುಣ್ಣನೆಯ ಮೆತ್ತನೆಯ ರಬ್ಬರಿನಷ್ಟು ಹಿಡಿಯುವುದು ಬೇರೊಂದಿಲ್ಲ. ಡಾಂಬರಿನ ಸಣ್ಣ ಸಣ್ಣ ಕುಳಿಗಳೊಳಗೆ ರಬ್ಬರು ಒತ್ತಿಕೊಂಡು ಇಳಿದು ಅಂಟುತ್ತದೆ. ಗೀರುಗಳಿಲ್ಲದಿದ್ದರೆ ಮುಟ್ಟುವ ಜಾಗ ಹೆಚ್ಚು. ಜಗತ್ತಿನ ದೊಡ್ಡ ಓಟಗಳಲ್ಲಿ 1971ರಿಂದ ಇಂಥ ಬೋಳು ಟಾಯರುಗಳು ಬಂದವು. ಆದರೆ ನೀರು ನಿಂತಿತೋ, ಅದನ್ನು ಹೊರಹಾಕುವ ಗೀರಿಲ್ಲದೆ ಟಾಯರು ನೀರಿನ ಮೇಲೆ ತೇಲುತ್ತದೆ. ಎರೆ ಮಣ್ಣಿನ ಒಗಟೇ ಇಲ್ಲಿ ನೀರಿನ ವೇಷದಲ್ಲಿ ಬಂದಿದೆ. ಹಿಡಿತವೆಂಬುದು ಟಾಯರಿನ ಗುಣವಷ್ಟೇ ಅಲ್ಲ, ಟಾಯರು ಮತ್ತು ನೆಲ ಇಬ್ಬರ ನಡುವಿನ ಕರಾರು. ಹುಬ್ಬಳ್ಳಿಯಿಂದ ಕೊಯಿಮತ್ತೂರಿಗೆ ಆರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಷ್ಟು ದಾರಿಯಲ್ಲಿ ಮಳೆ ಬರುವುದಿಲ್ಲವೆಂದು ಯಾವ ಪಂಚಾಂಗ ಹೇಳೀತು?

ನಾನೂ ಅವನೂ ಕೂತು ಓದಿ ತಿಳಿದುಕೊಂಡದ್ದು ಇಷ್ಟು. ಹಲವು ಟಾಯರುಗಳ ಪಕ್ಕದಲ್ಲಿ ಸವೆತದ ಅಂಕಿಯೊಂದು ಅಚ್ಚಾಗಿರುತ್ತದೆ. ಅಮೇರಿಕೆಯ ಸರ್ಕಾರ 1970ರ ದಶಕದ ಕೊನೆಗೆ ತಂದ ಕ್ರಮ. ಪರೀಕ್ಷೆಯ ಮಾದರಿ ಟಾಯರಿಗೆ 100 ಎಂದು ಹಿಡಿದು ಉಳಿದವುಗಳ ಬಾಳಿಕೆಯನ್ನು ಅಳೆಯುತ್ತಾರೆ. ಸಾದಾ ಟಾಯರಿಗೆ 300, 400, ಇನ್ನೂ ಹೆಚ್ಚು ಇರುವುದುಂಟು. ಓಟದ ದಾರಿಗೂ ಹಾದಿಗೂ ಎರಡಕ್ಕೂ ಎಂದು ಮಾಡಿದವುಗಳಲ್ಲಿ 200 ಸಾಮಾನ್ಯ. ಅಂಕಿ ಇಳಿದಂತೆ ರಬ್ಬರು ಮೆತ್ತಗಾಗಿ ಹಿಡಿತ ಏರುತ್ತದೆ, ಬಾಳಿಕೆ ಇಳಿಯುತ್ತದೆ. ಆದರೆ ಈ ಅಂಕಿಯನ್ನು ತಯಾರಕರೇ ಕೊಡುವುದರಿಂದ ಒಬ್ಬನ 200ನ್ನು ಇನ್ನೊಬ್ಬನ 200ಕ್ಕೆ ಸರಿಗಟ್ಟಿ ನೋಡಬಾರದು. ಹೆಣ್ಣು ನೋಡಲು ಹೋದವರು ಎರಡು ಮನೆಯವರು ಹೇಳುವ ವಯಸ್ಸನ್ನು ತಾಳೆ ಹಾಕಿದಂತೆ ಆದೀತು.

ಸಣ್ಣ ಕಾರಿಗೆ ಇನ್ನೊಂದು ಮಾತಿದೆ. ಪಂದ್ಯದ ಅತಿ ಮೆತ್ತನೆಯ ಟಾಯರು ಬಿಸಿಯೇರಿದ ಮೇಲೆಯೇ ಹಿಡಿಯುತ್ತದೆ; ಹಗುರಾದ ಕಾರಿಗೆ ಅದನ್ನು ಬಿಸಿ ಮಾಡುವಷ್ಟು ಭಾರವೂ ಇಲ್ಲ, ಕಸುವೂ ಇಲ್ಲ. ಅಗಲವಾದದ್ದು ಹಾಕಿದರೆ ತಿರುವಿನಲ್ಲಿ ಮೈಗೆ ಉಜ್ಜುತ್ತದೆ, ಎಂಜಿನಿಗೆ ಹೊರೆಯಾಗುತ್ತದೆ. ಅಳತೆ ಕಾರಿನವರು ಹೇಳಿದ್ದೇ ಇರಲಿ. ಭಾರದ ಅಂಕಿ, ವೇಗದ ಅಕ್ಷರ ಅದಕ್ಕಿಂತ ಕಡಿಮೆಯಾಗಬಾರದು. ಹುಟ್ಟಿದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿಗಳನ್ನು ಅಂಗಡಿಯಲ್ಲಿಯೇ ಓದಿಕೊಳ್ಳಬೇಕು. ಇಟ್ಟಲ್ಲಿಯೇ ರಬ್ಬರು ಗಟ್ಟಿಯಾಗುತ್ತದೆ. ಗಾಳಿಯನ್ನು ತಣ್ಣಗಿದ್ದಾಗ ತುಂಬಿಸಿ, ನಾಲ್ಕು ಸುತ್ತು ಓಡಿಸಿ ಬಂದೊಡನೆ ಮತ್ತೆ ಅಳೆಯಬೇಕು. ಬಿಸಿಗೆ ಗಾಳಿಯ ಒತ್ತಡ ಏರುವುದೆಂಬುದು ಕುಳ್ಳಿನ ಬೆಂಕಿಯಲ್ಲಿ ಬಳೆ ಹಿಗ್ಗುವುದನ್ನು ನೋಡಿದವನಿಗೆ ಹೊಸದಲ್ಲ. ಹಿಡಿತ ಹೆಚ್ಚಿದಾಗ ಬ್ರೇಕಿಗೂ ಕೆಲಸ ಹೆಚ್ಚುತ್ತದೆ. ಅದನ್ನು ಹೊರಡುವ ಮುಂಚೆ ನೋಡಿಸಲಿಕ್ಕೆ ಹೇಳಿದೆ.

ಓಟದ ಹುಚ್ಚೇ ಬೇಡವೆನ್ನುವವರು ನಮ್ಮಲ್ಲಿ ಇದ್ದಾರೆ. ನಾನು ಹಾಗೆನ್ನಲಾರೆ. ಕಾರಹುಣ್ಣಿವೆಗೆ ಎತ್ತು ಓಡಿಸುವ ಸೀಮೆಯಿದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿನ ಓಟಗಳನ್ನು ನಿಲ್ಲಿಸಿತು. ನಮ್ಮ ರಾಜ್ಯ 2017ರಲ್ಲಿ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಕಟ್ಟಳೆಯೊಡನೆ ಎಡೆಗೊಟ್ಟಿತು. 2023ರಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾಲು ಮುರಿದ ಎತ್ತನ್ನು ಕಂಡ ನನಗೆ ಆ ಕಟ್ಟಳೆಗಳು ಹೆಚ್ಚೆನಿಸುವುದಿಲ್ಲ. ಕಾರಿಗೆ ನೋವಿಲ್ಲ, ಒಳಗೆ ಕೂತವನಿಗೆ ಮತ್ತು ಅವನ ದಾರಿ ಕಾಯುವವರಿಗೆ ಉಂಟು.

ಹುಡುಗ ಬೋಳು ಟಾಯರಿನ ಯೋಚನೆ ಬಿಟ್ಟು, ಗೀರುಗಳುಳ್ಳ 200ರವನ್ನೇ ಹಾಕಿಸಿಕೊಂಡು ಹೋದ. ಬರುವಾಗ ಹಾವೇರಿ ದಾಟಿದೊಡನೆ ಮಳೆ ಹಿಡಿಯಿತಂತೆ. ನಿಧಾನವಾಗಿ ಮನೆ ಮುಟ್ಟಿದ. ಮರು ಆದಿತ್ಯವಾರ ಕಾರನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದ. ನಾನು ಕೂತು ಮುಂದಿನ ಟಾಯರಿನ ಮೇಲೆ ಅಂಗೈ ಆಡಿಸಿದೆ. ನಡುವೆ ಗೀರು ಇನ್ನೂ ಆಳವಾಗಿತ್ತು; ಹೊರಗಿನ ಅಂಚು ಮಾತ್ರ ಸವೆದು ತರಿತರಿಯಾಗಿತ್ತು.

"ಗಾಳಿ ತುಸು ಕಡಿಮಿ ಆಗಿತ್ತ ಕಾಣತೈತ್ರಿ ಸರ್" ಎಂದ. "ಮುಂದಿನ ಸಲ ಎರಡ ಅಂಕಿ ಏರಸತೇನ್ರಿ."