ಹಾಸುಗಲ್ಲಿನ ಕೆಳಗಿನ ಯುರೇನಿಯಂ

ಶಹಾಬಾದಿನ ಹಾಸುಗಲ್ಲಿನ ಮೇಲೆ ನಾವು ಉಂಡವರು, ನಮಾಜು ಮಾಡಿದವರು. ಸೇಡಂ, ಚಿತ್ತಾಪುರ, ಚಿಂಚೋಳಿಯ ಮನೆಗಳಿಗೆ ನೆಲವಾದದ್ದು, ವಾಡಿಯಲ್ಲಿ ಸಿಮೆಂಟಾದದ್ದು ಭೀಮಾ ಸೀಮೆಯ ಇದೇ ಸುಣ್ಣದಕಲ್ಲು. ಅದು ಶಹಾಪುರ ತಾಲ್ಲೂಕಿನ ಗೋಗಿಯವರೆಗೂ ಹಬ್ಬಿದೆ. ಚಂದಾ ಹುಸೇನಿಯವರ ದರ್ಗಾದ ಬಳಿ ಆದಿಲ್‌ಶಾಹಿಯ ಮೊದಲ ಸುಲ್ತಾನರು ಮಲಗಿರುವ ಊರದು. 1990ರ ದಶಕದಲ್ಲಿ ಅಲ್ಲಿ ಯುರೇನಿಯಂ ಸಿಕ್ಕಿತು.

ಈ ಖನಿಜವನ್ನು 1962ರ ಅಣುಶಕ್ತಿ ಕಾಯ್ದೆಯೇ ಸರ್ಕಾರದ ಹತೋಟಿಗೆ ತಂದಿತ್ತು. ಐದು ದೇಶಗಳಿಗಷ್ಟೇ ಅಣ್ವಸ್ತ್ರದ ಮನ್ನಣೆ ಕೊಟ್ಟ 1968ರ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. 1974ರ ಮೇ ತಿಂಗಳಲ್ಲಿ ಪೋಖ್ರಾನ್ ಸ್ಫೋಟ ನಡೆಯಿತು. ಅದಕ್ಕೆ ಉತ್ತರವಾಗಿ ಅಣುಸಾಮಗ್ರಿ ಮಾರುವ ದೇಶಗಳು ಕೂಟ ಕಟ್ಟಿ ಮಾರಾಟಕ್ಕೆ ಕಡಿವಾಣ ಹಾಕಿದವು. ಅದೇ ಜುಲೈಯಲ್ಲಿ ಭಾರತ, ಸರ್ಕಾರಗಳೂ ರೋಗಾಣು ಅಸ್ತ್ರ ಇಟ್ಟುಕೊಳ್ಳಕೂಡದೆಂಬ 1972ರ ಒಪ್ಪಂದವನ್ನು ಅನುಮೋದಿಸಿತು. 2004ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಕೈಗೊಂಡಿತು. ಮರುವರ್ಷವೇ ನಮ್ಮ ಸಂಸತ್ತು, ಇಂಥ ಅಸ್ತ್ರಗಳು ಖಾಸಗಿ ಕೈಗಳಿಗೆ ಸೇರದಂತೆ ಕಾಯ್ದೆ ತಂದಿತು.

ಒಳ್ಳೆಯ ಕಾಯ್ದೆಯೇ. ಆದರೆ ರೋಗಾಣುವಿನ ವಿಷಯದಲ್ಲಿ ತಮ್ಮ ಕೈಯನ್ನೂ ಕಟ್ಟಿಕೊಂಡ ಸರ್ಕಾರಗಳು, ಅಣುವಿನ ವಿಷಯದಲ್ಲಿ ಪರರ ಕೈಯನ್ನಷ್ಟೇ ಕಟ್ಟುತ್ತಿವೆ. ಇತ್ತ ಗಣಿಯ ಮಾತು ಬಂದಾಗ ಗೋಗಿಯ ಜನ ಕೇಳಿದ್ದು ಬಾಂಬಿನ ಬಗ್ಗೆಯಲ್ಲ, ಕುಡಿಯುವ ನೀರಿನ ಬಗ್ಗೆ. ಅದಿರಿಗೆ ಕಾವಲಿಡುವ ರಾಜ್ಯ ಆ ನೀರಿಗೂ ಕಾವಲಿಡಬೇಕು.