ಅಫೇಸಿಯ, ಕೊರಿಯ, ಲಕ್ವ: ಮಾತು ಮತ್ತು ಚಲನೆಯ ದೋಷಗಳ ಹೆಸರುಗಳು

ಮಾತು ಮತ್ತು ಚಲನೆಯ ದೋಷಗಳಿಗೆ ನರವೈದ್ಯರು ಬಳಸುವ ಹೆಸರುಗಳಲ್ಲಿ ಹೆಚ್ಚಿನವು ಗ್ರೀಕ್ ಮೂಲದವು. ಕೆಲವು ಪ್ರಾಚೀನ ಪದಗಳು. ಹಲವನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರು ಹಳೆಯ ಧಾತುಗಳಿಂದ ಕಟ್ಟಿಕೊಂಡರು. ಕನ್ನಡಿಗರಿಗೆ ಇವು ತೀರ ಹೊರಗಿನವೇನಲ್ಲ. ಇಲ್ಲದಿರುವುದನ್ನು ಸೂಚಿಸುವ ಗ್ರೀಕಿನ ‘ಅ’, ಕೆಟ್ಟಿರುವುದನ್ನು ಸೂಚಿಸುವ ‘ದುಸ್’ ಎರಡೂ ಸಂಸ್ಕೃತದ ‘ಅಶಕ್ತ’, ‘ದುಸ್ಥಿತಿ’ಗಳಲ್ಲಿರುವ ಉಪಸರ್ಗಗಳ ದಾಯಾದಿಗಳು. ‘ಟ್ಯಾಕ್ಸಿಸ್’ ಎಂದರೆ ಕ್ರಮ. ಬಲವಿದ್ದೂ ಅಂಗಗಳ ಹೊಂದಾಣಿಕೆ ತಪ್ಪುವುದು ಅಟ್ಯಾಕ್ಸಿಯ. ‘ಆರ್ಥ್ರಾನ್’ ಎಂದರೆ ಕೀಲು. ನಾಲಿಗೆ, ತುಟಿಗಳ ಸ್ನಾಯುಗಳು ಹತೋಟಿ ತಪ್ಪಿ ಉಚ್ಚಾರಣೆ ಕೆಡುವುದು ಡಿಸಾರ್ಥ್ರಿಯ.

ಮಿದುಳಿಗೆ ಹಾನಿಯಾಗಿ ಮಾತು ಕೆಡುವ ಅಫೇಸಿಯದ ಹೆಸರಿಗೆ ಜಗಳದ ಇತಿಹಾಸವಿದೆ. 1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೊಕಾ ಪರೀಕ್ಷಿಸಿದ ರೋಗಿಯೊಬ್ಬ ಕೇಳಿದ್ದಕ್ಕೆಲ್ಲ ‘ತಾನ್’ ಎಂದೇ ಉತ್ತರಿಸುತ್ತಿದ್ದ. ಆಸ್ಪತ್ರೆಯಲ್ಲಿ ಅವನಿಗೆ ಅದೇ ಹೆಸರಾಯಿತು. ಅವನು ತೀರಿಕೊಂಡ ಮೇಲೆ ನೋಡಿದಾಗ ಮಿದುಳಿನ ಎಡ ಮುಂಭಾಗ ಹಾಳಾಗಿತ್ತು. ಈ ಸ್ಥಿತಿಯನ್ನು ಬ್ರೊಕಾ ‘ಅಫೆಮಿ’ ಎಂದು ಕರೆದ. ಗ್ರೀಕಿನಲ್ಲಿ ಅದಕ್ಕೆ ಅಪಕೀರ್ತಿ ಎಂಬ ಅರ್ಥ ಬರುತ್ತದೆಂದು ಆಕ್ಷೇಪಿಸಿದ ಆರ್ಮಾಂದ್ ತ್ರೂಸೊ, 1864ರಲ್ಲಿ ‘ಅಫೇಸಿ’ಯನ್ನು ಮುಂದಿಟ್ಟ. ಬ್ರೊಕಾ ತನ್ನ ಪದವನ್ನು ಸಮರ್ಥಿಸಿಕೊಂಡರೂ ಉಳಿದದ್ದು ತ್ರೂಸೊನದು.

ಕೊರಿಯ ಎಂದರೆ ಕುಣಿತ. ಮಧ್ಯಯುಗದ ಯೂರೋಪಿನಲ್ಲಿ ಜನ ಗುಂಪುಗುಂಪಾಗಿ ಕುಣಿಯುತ್ತಿದ್ದ ಉನ್ಮಾದಕ್ಕೆ ಸಂತ ವೀಟಸ್‌ನ ಹೆಸರು ಅಂಟಿತ್ತು. ಥಾಮಸ್ ಸಿಡೆನ್‌ಹ್ಯಾಮ್ 1686ರಲ್ಲಿ ಆ ಹೆಸರನ್ನೇ ಮಕ್ಕಳಲ್ಲಿ ಕೈಕಾಲು ತಾನಾಗಿ ಎಗರಾಡುವ ಬೇರೊಂದು ಕಾಯಿಲೆಗೆ ಬಳಸಿದ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ವಂಶಪಾರಂಪರ್ಯದ ಕೊರಿಯವನ್ನು ವಿವರಿಸಿದ.

ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವಿವರಿಸಿದ ರೋಗಕ್ಕೆ ‘ನಡುಗುವ ಪಾರ್ಶ್ವವಾಯು’ ಎಂಬರ್ಥದ ಹೆಸರಿತ್ತು. ರೋಗಿಗಳಲ್ಲಿ ಎಲ್ಲರೂ ನಡುಗುವುದಿಲ್ಲ, ಬಲವೂ ಅಷ್ಟಾಗಿ ಕುಂದಿರುವುದಿಲ್ಲ ಎಂದು ಫ್ರೆಂಚ್ ನರವೈದ್ಯ ಶಾರ್ಕೊ ಆ ಹೆಸರನ್ನು ಬಿಟ್ಟು ಪಾರ್ಕಿನ್‌ಸನ್ನನ ಹೆಸರನ್ನೇ ಇಟ್ಟ. ನ್ಯಾಯವಾದ ತಿದ್ದುಪಡಿ, ಆದರೆ ವ್ಯಕ್ತಿಯ ಹೆಸರು ರೋಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಯುರ್ವೇದದ ‘ಕಂಪವಾತ’ವಾದರೂ ಲಕ್ಷಣವನ್ನು ಹೇಳುತ್ತದೆ.

ದೇಹದ ಅರ್ಧಭಾಗ ಸ್ವಾಧೀನ ತಪ್ಪುವ ಹೆಮಿಪ್ಲೀಜಿಯದಲ್ಲಿ ‘ಪ್ಲೀಗೆ’ ಎಂದರೆ ಹೊಡೆತ. ಕನ್ನಡದಲ್ಲೂ ಲಕ್ವ ‘ಹೊಡೆಯುತ್ತದೆ’. ಲಕ್ವ ಅರಬ್ಬಿ ಪದ. ಮೂಲದಲ್ಲಿ ಮುಖ ಸೊಟ್ಟಗಾಗುವುದಕ್ಕಷ್ಟೇ ಸಲ್ಲುತ್ತಿದ್ದುದು, ಇಲ್ಲಿ ಕೈಕಾಲುಗಳಿಗೂ ಇಳಿದಿದೆ.